ಕೆಡುವ ತನಕ ಕಾಯುವ ಮಿಸ್ತ್ರಿ

ಇಳಕಲ್ಲಿನ ಗಾಡಿ ರಿಪೇರಿಯ ಶೆಡ್ಡು ಬಿಟ್ಟು ಸ್ವಂತಕ್ಕೆ ಕೆಲಸ ಹಿಡಿಯಲು ಹೊರಟ ದಿನ ಕಲ್ಲೇಶ ತಮ್ಮ ಉಸ್ತಾದ ಮುರ್ತುಜಸಾಬರ ಕಾಲಿಗೆ ಬಗ್ಗಿದರು. ಉಸ್ತಾದರು ಭುಜ ಹಿಡಿದು ಎಬ್ಬಿಸಿದರು. ಲಾರಿಯೊಂದರ ಸ್ಟಾರ್ಟರ್ ಮೋಟಾರಿನಿಂದ ಆಗಷ್ಟೇ ಬಿಚ್ಚಿದ್ದ ಸುಟ್ಟ ಕಾರ್ಬನ್ ತುಂಡನ್ನು ಶಿಷ್ಯನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಯಾವ ಗಾಡಿದ ಕೆಟ್ಟ ಸಾಮಾನ ಸಿಕ್ಕರೂ ಮೊದಲ ಅದನ್ನ ಹಿಂಗ ಮಾಲಕರ ಕೈಯಾಗ ಇಡು. ಇದು ನೋಡ್ರಿ ನಿಮ್ಮ ಗಾಡಿ ಬ್ಯಾನಿ ಅಂತ ಹೇಳು. ಆಮ್ಯಾಲೆ ಚಾವಿ ಕೊಡು. ಮುಚ್ಚಿಟ್ಟು ಮಾತ್ರ ಗಾಡಿ ಬಿಡಬ್ಯಾಡ. ಮಾತು ಕೊಡ್ತೀಯಿಲ್ಲೋ?”

ಕಲ್ಲೇಶ ಮಾತು ಕೊಟ್ಟರು. ಆಗ ಅವರಿಗೆ ಮೀಸೆ ಚಿಗುರುತ್ತಿತ್ತು. ಈಗ ಆ ಮೀಸೆ ಬೆಳ್ಳಗಾಗಿದೆ, ಉಸ್ತಾದರು ಇಳಕಲ್ಲಿನ ಖಬರಸ್ತಾನದಲ್ಲಿ ಮಲಗಿದ್ದಾರೆ. ಹುನಗುಂದ, ಬಾದಾಮಿ, ಗುಳೇದಗುಡ್ಡದ ಸುತ್ತಿನ ಊರುಗಳಲ್ಲಿ ಹಳೇ ಟ್ರ್ಯಾಕ್ಟರೊಂದು ಬೆಳಿಗ್ಗೆ ಹಟ ಹಿಡಿದು ನಿಂತಿತೆಂದರೆ ಮಂದಿ ಮೊದಲು ಕಲ್ಲೇಶರಿಗೆ ಫೋನ್ ಹಚ್ಚುತ್ತಾರೆ.

ಹೋದ ವರ್ಷದ ಹಿಂಗಾರಿ ಬಿತ್ತನೆಯ ಹೊತ್ತು. ಮಲಪ್ರಭೆಯ ದಂಡೆಯ ಒಂದು ಊರು. ಊರಿನ ಹೆಸರು ಹಾಕಬೇಡಿ, ಆ ಮನೆಯವರ ಹೆಸರನ್ನೂ ಬದಲು ಮಾಡಿ ಎಂದು ಕಲ್ಲೇಶ ಕೇಳಿಕೊಂಡಿದ್ದಾರೆ. ಯಾಕೆಂಬುದು ಕಡೆತನಕ ಓದಿದವರಿಗೆ ತಿಳಿಯುತ್ತದೆ. ಆ ಮನೆಯವರನ್ನು ಇಲ್ಲಿ ಕಾಶಪ್ಪ, ಅವರ ಹೆಂಡತಿ ಶಿವಲಿಂಗವ್ವ, ಸೊಸೆ ಬಸವೇಶ್ವರಿ ಎಂದು ಕರೆಯೋಣ.

ಇನ್ನೂ ಮೂಡಲು ಕೆಂಪಾಗಿಲ್ಲ. ಕಾಶಪ್ಪನವರ ಕಣದಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಕಲ್ಲೇಶ ಅದರ ಮೇಲೆ ಕೂತಿದ್ದಾರೆ. ಎದುರಿಗೆ ಟ್ರ್ಯಾಕ್ಟರು. ಪಕ್ಕದಲ್ಲಿ ಸಾಮಾನಿನ ಚೀಲ. ಮಗಳು ಹೈಸ್ಕೂಲು ಮುಗಿಸಿದ ಮೇಲೆ ಅವರ ಪಾಲಿಗೆ ಬಂದ ಸಾಲಿಯ ಬ್ಯಾಗು ಅದು, ಬೆನ್ನಿನ ಮೇಲಿನ ಚಿಟ್ಟೆಯ ಚಿತ್ರ ಗ್ರೀಸಿನಲ್ಲಿ ಅರ್ಧ ಮುಳುಗಿದೆ. ಚೀಲ ಇನ್ನೂ ಬಿಚ್ಚಿಲ್ಲ. ಕಲ್ಲೇಶ ಏನೂ ಮಾಡುತ್ತಿಲ್ಲ. ನೆಗಡಿ ಬಂದ ಕೂಸಿನ ಉಸಿರಾಟ ಕೇಳುತ್ತ ಕೂತವರ ಹಾಗೆ ಕೂತಿದ್ದಾರೆ.

ಬಸವೇಶ್ವರಿ ಸೆರಗು ಸೊಂಟಕ್ಕೆ ಬಿಗಿದು ಸೀಟು ಹತ್ತುತ್ತಾಳೆ. ಚಾವಿ ತಿರುವುತ್ತಾಳೆ. ಗಾಡಿ ಒಂದೇ ಸಲಕ್ಕೆ ಎದ್ದು ಕರಿ ಹೊಗೆ ಉಗುಳಿ ಗುಡುಗುಡು ಅನ್ನತೊಡಗುತ್ತದೆ.

ಕಲ್ಲೇಶ ಎದ್ದು ಪ್ಯಾಂಟಿನ ಮಣ್ಣು ಝಾಡಿಸಿ ಬೈಕಿನ ಕಡೆ ಹೊರಡುತ್ತಾರೆ.

ಕಾಶಪ್ಪನವರಿಗೆ ಸಿಟ್ಟು ನೆತ್ತಿಗೇರುತ್ತದೆ. ಕತ್ತಲಲ್ಲಿ ಅಮೀನಗಡದಿಂದ ಬಂದ ಮಿಸ್ತ್ರಿ ಒಂದು ನಟ್ಟು ಸಹ ಮುಟ್ಟದೆ ಹೊರಟರೆ ಯಾರಿಗೆ ಬರುವುದಿಲ್ಲ? “ಇದೇನೋ ಮಾರಾಯಾ, ಬೀಗರ ಮನಿಗೆ ಬಂದಂಗ ಬಂದು ಕುಂತು ಎದ್ದು ಹೊಂಟಿ. ಬಂದದ್ದಕ್ಕ ಏನರ ಬಿಚ್ಚು, ಏನರ ಬದಲಿ ಮಾಡು.”

“ಚಾಲೂ ಆದ ಗಾಡಿ ಮುಟ್ಟೂದಿಲ್ರಿ ಯಜಮಾನ್ರ,” ಎನ್ನುತ್ತಾರೆ ಕಲ್ಲೇಶ. “ಬ್ಯಾನಿ ಇಲ್ಲದಾಗ ಹೊಟ್ಟಿ ಕೊಯ್ದ್ರ ಏನ್ ಸಿಗತೈತ್ರಿ? ಕೆಟ್ಟಾಗ ಬರ್ತೇನಿ. ಕೆಡಲಿ.”

ಇದೇ ಅವರ ಕೆಲಸದ ರೀತಿ. ಪೂರಾ ಕೆಟ್ಟು ಕೂತ ಗಾಡಿಯನ್ನು ಯಾವ ಮಿಸ್ತ್ರಿಯೂ ಎಬ್ಬಿಸಬಲ್ಲ. ಇವತ್ತು ಎದ್ದು, ನಾಳೆ ಏಳದೆ, ನಾಡಿದ್ದು ಏನೂ ಆಗಿಲ್ಲವೆಂಬಂತೆ ಓಡುವ ಗಾಡಿಯೇ ಕಠಿಣ. ಚಾವಿ ತಿರುವಿದೊಡನೆ ಇಂಜಿನ್ನನ್ನು ಎಳೆದು ಎಬ್ಬಿಸುವ ಮೋಟಾರಿಗೆ ಇಲ್ಲಿನವರು ಸೆಲ್ಫ್ ಎನ್ನುತ್ತಾರೆ. ಬ್ಯಾಟರಿಯಿಂದ ಸೆಲ್ಫಿನ ತನಕ ಮಾರುದ್ದದ ದಾರಿ. ಆ ದಾರಿಯ ಯಾವುದೋ ಒಂದು ಗಂಟು ಮನಸ್ಸು ಬಂದಾಗ ಕರೆಂಟು ಬಿಡುತ್ತದೆ, ಇಲ್ಲದಾಗ ಇಲ್ಲ. ಮಿಸ್ತ್ರಿ ಬರುವ ಹೊತ್ತಿಗೆ ಅದು ಶಾಣ್ಯಾ ಆಗಿ ಕೂತಿರುತ್ತದೆ. ಬಂದವನು ಅಂದಾಜಿನ ಮೇಲೆ ಒಂದು ಸ್ವಿಚ್ಚು ಬದಲಿಸಿ ಹೋಗುತ್ತಾನೆ, ಮುಂದಿನವನು ಸೆಲ್ಫನ್ನೇ ಬದಲಿಸುತ್ತಾನೆ. ಗಾಡಿಯ ಹೊಟ್ಟೆಯಲ್ಲಿ ಹೊಸ ಸಾಮಾನು ತುಂಬುತ್ತ ಹೋಗುತ್ತದೆ, ರೋಗ ಇದ್ದಲ್ಲೇ ಇರುತ್ತದೆ.

ಅಂಥ ಗಾಡಿಯ ಮನೆಯನ್ನು ದೂರದಿಂದಲೇ ಗುರುತು ಹಿಡಿಯಬಹುದು ಎಂದು ಕಲ್ಲೇಶ ನಗುತ್ತಾರೆ. ಅದು ಅಂಗಳದಲ್ಲಿ ನಿಂತಿರುವುದಿಲ್ಲ, ದಿಬ್ಬದ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಸೆಲ್ಫ್ ಕೈಕೊಟ್ಟರೆ ಇಳಿಜಾರಿಗೆ ಬಿಟ್ಟು ಗೇರು ಹಾಕಿ ಎಬ್ಬಿಸಲು ಅನುಕೂಲವಾಗಲೆಂದು. ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಗಾಡಿ ಒಂದು ದಿನ ಕಲ್ಲು ಜಾರಿ ತಾನೇ ಹೊರಟರೆ ಗತಿ ಏನು? ಮಕ್ಕಳು ಆಡುವ ಓಣಿ. ತಮ್ಮ ಮಕ್ಕಳನ್ನು ಕೊಂಕುಳಲ್ಲಿ ಎತ್ತಿಕೊಂಡು ಇದೇ ಓಣಿಗಳಲ್ಲಿ ಓಡಾಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಹೀಗಾಗಿ ದಿಬ್ಬದ ಮೇಲೆ ನಿಂತ ಟ್ರ್ಯಾಕ್ಟರು ಕಂಡರೆ ಯಾರೂ ಕರೆಯದಿದ್ದರೂ ಕಲ್ಲೇಶ ಬೈಕು ನಿಲ್ಲಿಸುತ್ತಾರೆ.

ಅಮೀನಗಡದ ಕ್ರಾಸಿನಲ್ಲಿ, ಪಂಚರ್ ಅಂಗಡಿಯ ಗೋಡೆಗೆ ಆನಿಸಿದ ನಾಲ್ಕು ತಗಡು ಅವರ ಅಂಗಡಿ. ಬೋರ್ಡಿಲ್ಲ. ಬ್ಯಾಟರಿಯ ಆ್ಯಸಿಡ್ ಬಿದ್ದು ಅವರ ಅಂಗಿಗಳೆಲ್ಲ ಜಾಳುಜಾಳು; ಹೆಂಡತಿ ಜಯಶ್ರೀ ಹೊಸ ಅಂಗಿ ಹೊಲಿಸುವುದನ್ನೇ ಬಿಟ್ಟಿದ್ದಾಳೆ. ಬಲಗೈಯ ಎರಡು ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಬಿಸಿ ತಗುಲಿದರೂ ಗೊತ್ತಾಗುವುದಿಲ್ಲ. ಬಿತ್ತನೆಯ ದಿನಗಳಲ್ಲಿ ಬುತ್ತಿಯ ಗಂಟು ಬಿಚ್ಚದೆ ವಾಪಸು ಬರುವುದುಂಟು. ಅಂಥ ಸಂಜೆ ಜಯಶ್ರೀ ಬಯ್ಯುವುದಿಲ್ಲ, ರೊಟ್ಟಿಯನ್ನು ಮತ್ತೊಮ್ಮೆ ಹೆಂಚಿಗೆ ಹಾಕಿ ಕಾಯಿಸಿ ಎದುರಿಗಿಡುತ್ತಾಳೆ. ಆಕೆ ಬಾಯಿ ಬಿಟ್ಟು ದೂರುವುದು ಒಂದನ್ನೇ: “ಮನಿ ಮಿಕ್ಸರ್ ಕೆಟ್ಟು ಯಾವ ಕಾಲ ಆತು. ಅದೂ ಒಮ್ಮೆ ಹತ್ತತೈತಿ, ಒಮ್ಮೆ ಇಲ್ಲ. ಅದರ ಮುಂದ ಒಂದಿನನೂ ಕುಂತಿಲ್ಲ ಈ ಮನಷ್ಯಾ.”

ಕೆಲಸ ಮುಗಿದ ಮೇಲೆ ಕಲ್ಲೇಶ ಬಿಡದೆ ಮಾಡುವ ಶಾಸ್ತ್ರವೊಂದಿದೆ. ಕೆಟ್ಟ ಸಾಮಾನನ್ನು ಒರೆಸದೆ, ಇದ್ದ ಹಾಗೇ ತಂದು ಮಾಲಕರ ಅಂಗೈಯಲ್ಲಿ ಇಡುತ್ತಾರೆ. ಇಲಿ ಕಡಿದ ವಾಯರು, ಹಲ್ಲು ಮುರಿದ ಗೇರು, ಕರಗಿದ ಸ್ವಿಚ್ಚು. ಮುಟ್ಟಲು ಹೇಸುವವರಿಗೂ ಬಿಡುವುದಿಲ್ಲ. ನಾಗೂರಿನ ಕಡೆಯ ಒಬ್ಬ ದೊಡ್ಡ ರೈತರ ಅಂಗೈಯಲ್ಲಿ, ಅವರ ಕಿರಿಮಗ ಚಾವಿಯ ಕಿಂಡಿಯಲ್ಲಿ ತುರುಕಿದ್ದ ಅರೆಚೀಪಿದ ಪೆಪ್ಪರ್‌ಮಿಂಟನ್ನೇ ಇಟ್ಟಿದ್ದರಂತೆ. ಅವತ್ತಿನಿಂದ ಆ ಮನೆಯಲ್ಲಿ ಇವರಿಗೆ ಪೆಪ್ಪರ್‌ಮಿಂಟ್ ಮಿಸ್ತ್ರಿ ಎಂದೇ ಹೆಸರು. ಉಸ್ತಾದರ ಮಾತು ಹೀಗೆ ನಡೆದು ಬಂದಿತ್ತು.

ಕಾಶಪ್ಪನವರ ಟ್ರ್ಯಾಕ್ಟರಿಗೆ ಬರೋಣ.

ಅದು ಬಾಗಲಕೋಟೆಯ ದಲಾಲಿಯೊಬ್ಬನ ಮೂಲಕ ಬಂದ ಸೆಕೆಂಡ್ ಹ್ಯಾಂಡ್ ಗಾಡಿ. ತಂದಾಗಲೇ ಅದರ ಬ್ಯಾಟರಿ ಸತ್ತಿತ್ತು. ಹೊಸ ಬ್ಯಾಟರಿ ಬಂದ ಮೇಲೆ ಗಾಡಿ ಒಂದು ಸುಗ್ಗಿ ಪೂರ್ತಿ ತಕರಾರಿಲ್ಲದೆ ದುಡಿಯಿತು. ಓಡಿಸುವವರು ಯಾರು ಎಂಬ ಪ್ರಶ್ನೆ ಗಾಡಿ ಮನೆಗೆ ಬಂದಾಗಲೇ ಎದ್ದಿತ್ತು. ಮಗ ಬಾಗಲಕೋಟೆಯ ಕಾಲೇಜೊಂದರಲ್ಲಿ ಅಟೆಂಡರ್, ವಾರಕ್ಕೊಮ್ಮೆ ಬರುತ್ತಾನೆ. ಕಾಶಪ್ಪನವರಿಗೆ ಮೊಣಕಾಲು ಹಿಡಿದಿವೆ. ನಾ ಓಡಸ್ತೇನಿ ಎಂದಳು ಬಸವೇಶ್ವರಿ. ಮಾವ ಒಪ್ಪಲಿಲ್ಲ. ಲಿಂಗವಂತರ ಮನೆಯ ಸೊಸೆ ಟ್ರ್ಯಾಕ್ಟರು ಹತ್ತಿ ಊರ ನಡುವೆ ಹೋಗುವುದೆಂದರೆ ಏನು ಎಂಬುದು ಅವರ ತಕರಾರು. ಅವಳ ಪರವಾಗಿ ನಿಂತದ್ದು ಅತ್ತೆ ಶಿವಲಿಂಗವ್ವ. ಬಸವಣ್ಣ ಹೆಣ್ಣುಮಕ್ಕಳಿಗೂ ಕಾಯಕ ಅಂದ, ಟ್ಯಾಕ್ಟರ್ ಬಿಟ್ಟು ಅಂತ ಎಲ್ಲೂ ಹೇಳಿಲ್ಲ ಎಂದು ಮುದುಕಿ ಗಂಡನ ಬಾಯಿ ಮುಚ್ಚಿಸಿದಳು.

ಬಸವೇಶ್ವರಿಯ ತವರು ಗುಳೇದಗುಡ್ಡ. ಖಣ ನೇಯುವ ಮನೆ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಅವಳ ಹರೆಯವೆಲ್ಲ ಕಳೆದಿತ್ತು. ಎರಡೇ ತಿಂಗಳಲ್ಲಿ ಅವಳು ಗಾಡಿ ಕಲಿತಳು, ಸ್ವಂತ ಹೊಲ ಮುಗಿಸಿ ಬೇರೆಯವರ ಹೊಲಕ್ಕೂ ಹೋಗತೊಡಗಿದಳು. ಬಿತ್ತನೆಯ ಸಾಲು ನೂಲು ಹಿಡಿದಂತೆ ಬರುತ್ತದೆ ಎಂದು ಹೆಣ್ಣುಮಕ್ಕಳೇ ಒಕ್ಕಲುತನ ನೋಡುವ ಮನೆಗಳು ಅವಳನ್ನೇ ಕರೆದವು. “ಗುಂಡ್ಯಾಗ ಕುಂತು ಮಂದಿ ಕಾಲು ನೋಡ್ತಿದ್ನಿ ಅಣ್ಣಾ. ಈಗ ಮ್ಯಾಲೆ ಕುಂತು ಊರ ನೋಡ್ತೇನಿ,” ಎಂದು ಅವಳು ಕಲ್ಲೇಶರಿಗೆ ಹೇಳಿದ್ದಳು.

ಸೊಸೆ ಹೊಲದಿಂದ ಗಾಡಿಯ ಜೊತೆ ಕ್ಷೇಮವಾಗಿ ಬಂದರೆ ಸಾಕೆಂದು ಶಿವಲಿಂಗವ್ವನ ಜೀವ ಒದ್ದಾಡುತ್ತಿತ್ತು. ಬ್ಯಾಟರಿ ಹೊಸದಾದ ಮೇಲೇ ಗಾಡಿ ನಡೆದದ್ದು. ಹಾಗಾದರೆ ಅದರ ಜೀವ ಅಲ್ಲೇ ಇದೆ ಎಂದು ಆಕೆ ತೀರ್ಮಾನಿಸಿದಳು. ಪ್ರತಿ ಸೋಮವಾರ, ಪ್ರತಿ ಅಮಾವಾಸ್ಯೆ ಟ್ರ್ಯಾಕ್ಟರಿನ ಮೂತಿಯೊಳಗೆ ಕೂತಿರುವ ಆ ಬ್ಯಾಟರಿಗೆ ಶಿವಯೋಗ ಮಂದಿರದಿಂದ ತಂದ ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆದು ಕೈಮುಗಿಯುವುದು ನೇಮವಾಯಿತು.

ಮುಂದಿನ ಮಳೆಗಾಲಕ್ಕೆ ಗಾಡಿಯ ಹಟ ಶುರುವಾಯಿತು. ಚಾವಿ ತಿರುವಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಬಸವೇಶ್ವರಿಯೂ ಎಲ್ಲರ ಹಾಗೆ ಗಾಡಿಯನ್ನು ಓಣಿಯ ದಿಬ್ಬದ ಮೇಲೆ ನಿಲ್ಲಿಸತೊಡಗಿದಳು. ಕೆಲವು ಸಲ ಇಳಿಜಾರೂ ಸಾಲದೆ ನೆರೆಯವರನ್ನು ದಬ್ಬಲು ಕರೆಯಬೇಕಾಯಿತು. ದಬ್ಬುವವರು ಪುಕ್ಕಟೆ ದಬ್ಬುವುದಿಲ್ಲ, ಒಂದೊಂದು ಮಾತು ಒಗೆಯುತ್ತಾರೆ. ಹೆಣ್ಣುಮಗಳ ಕೈಗೆ ಕೊಟ್ಟರೆ ಗಾಡಿಗೂ ನಾಚಿಕೆ ಬರುತ್ತದೆ ಅಂದವನೊಬ್ಬ. ಕಾಶಪ್ಪಜ್ಜ ಈ ಟ್ಯಾಕ್ಟರ್ ಮಾರಿ ಒಂದು ಜೋಡಿ ಎತ್ತು ತಗೊಳ್ರಿ, ಅವು ದಬ್ಬದೆ ಏಳುತ್ತವೆ ಅಂದವನು ಇನ್ನೊಬ್ಬ. ಕಾಶಪ್ಪನವರು ಮನೆಗೆ ಬಂದು ಆ ಮಾತುಗಳನ್ನೆಲ್ಲ ಹೆಂಡತಿ, ಸೊಸೆಯ ಮೇಲೆ ಸುರುವುತ್ತಿದ್ದರು. ಮಿಸ್ತ್ರಿಗಳು ಬಂದರು, ಹೋದರು. ಹಿಂದಿನ ಇಳಿಜಾರಿನ ಕುಲುಕಾಟಕ್ಕೋ ಏನೋ, ಅವರು ಬರುವ ಹೊತ್ತಿಗೆ ಗಾಡಿ ಸರಿ ಇರುತ್ತಿತ್ತು. ಕಡೆಗೆ ಯಜಮಾನರು ತೀರ್ಮಾನ ಹೇಳಿಬಿಟ್ಟರು. ಅಮಾವಾಸ್ಯೆ ಮುಗಿದ ಮರುದಿನ ಮಧ್ಯಾಹ್ನ ತಗೊಳ್ಳುವವರು ಬರುತ್ತಾರೆ, ಗಾಡಿ ಹೋಗುತ್ತದೆ, ಇನ್ನು ಈ ಮನೆಗೆ ಟ್ರ್ಯಾಕ್ಟರಿನ ಮಾತು ಬೇಡ.

ಆಗ ಬಸವೇಶ್ವರಿ ಯಾರನ್ನೂ ಕೇಳದೆ ಕಲ್ಲೇಶರಿಗೆ ಫೋನು ಮಾಡಿದ್ದಳು.

ಮೊದಲ ಬೆಳಗಿನ ಕತೆ ಮೇಲೆ ಹೇಳಿಯಾಯಿತು. ಹೊರಡುವ ಮುಂಚೆ ಕಲ್ಲೇಶ ಅವಳಿಗೆ ಒಂದು ಮಾತು ಹೇಳಿ ಹೋಗಿದ್ದರು: ಇನ್ನು ದಿಬ್ಬದ ಮೇಲೆ ನಿಲ್ಲಿಸಬೇಡ, ಸಪಾಟು ನೆಲದ ಮೇಲೆ ನಿಲ್ಲಿಸು. ಏಳದಿದ್ದರೆ ಯಾರನ್ನೂ ಕರೆಯಬೇಡ, ದಬ್ಬಬೇಡ, ಅಲುಗಿಸಬೇಡ. ದಬ್ಬಿದ ಕೂಡಲೇ ರೋಗ ಅಡಗಿಕೊಳ್ಳುತ್ತದೆ.

ಎರಡನೇ ಸಲ ಬಂದಾಗಲೂ ಗಾಡಿ ಒಂದೇ ಏಟಿಗೆ ಎದ್ದಿತು. ಬಸವೇಶ್ವರಿ ಸೀಟಿನ ಮೇಲೇ ಕೂತು ಕಣ್ಣು ಒರೆಸಿಕೊಂಡಳು. ಗಾಡಿ ಚಾಲೂ ಆದದ್ದಕ್ಕೆ ಅಳುವವರನ್ನು ತಾವು ಅದೇ ಮೊದಲು ಕಂಡದ್ದು ಎನ್ನುತ್ತಾರೆ ಕಲ್ಲೇಶ. ಆ ಹೊತ್ತಿಗೆ ಅವರ ಕೈಯೂ ಚೀಲದ ಜಿಪ್ಪಿಗೆ ಹೋಗಿತ್ತು. ಒಂದು ಹೊಸ ಸ್ವಿಚ್ಚು ಹಾಕಿ, ಆಯಿತು ನಡಿ ಎಂದರೆ ಆ ಮನೆಯಲ್ಲಿ ನಾಲ್ಕು ದಿನವಾದರೂ ನೆಮ್ಮದಿ. ಹಾಕಲಿಲ್ಲ. ಬದಲಿಗೆ ಅವಳ ಹತ್ತಿರ ಕೂತು, ಗಾಡಿ ಕೈಕೊಟ್ಟ ಬೆಳಗುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ಹೇಳಿದರು. ಮಳೆ ಬಂದಿತ್ತೇ, ಹಿಂದಿನ ದಿನ ಎಲ್ಲಿ ದುಡಿದಿತ್ತು, ಮನೆಯಲ್ಲಿ ಏನು ನಡೆದಿತ್ತು. ಅವಳು ನೆನೆದು ನೆನೆದು ಹೇಳಿದಳು. ಮಂಗಳವಾರದ ಸಂತೆಗೆ ಕಾಯಿಪಲ್ಲೆ ಒಯ್ಯುವವರು ಎರಡು ಸಲ ಕಾದು ಕಾದು ಹೋಗಿದ್ದರು. ನಾಗರ ಅಮಾವಾಸ್ಯೆಯ ಮರುದಿನವೂ ಹಾಗೇ, ಮುಂದಿನ ಅಮಾವಾಸ್ಯೆಯ ಮರುದಿನವೂ ಹಾಗೇ.

“ಹಂಗಾರ ಈ ಅಮಾಸಿ ಮರದಿನ ಬರ್ತೇನಿ,” ಎಂದು ಕಲ್ಲೇಶ ಎದ್ದರು. ಅದು ಗಾಡಿ ಮಾರಾಟವಾಗಬೇಕಿದ್ದ ದಿನ.

ಆ ಬೆಳಿಗ್ಗೆ ಮೋಡ ಕವಿದಿತ್ತು. ಕಣದಲ್ಲಿ ಕಾಶಪ್ಪ, ಶಿವಲಿಂಗವ್ವ ಇಬ್ಬರೂ ನಿಂತಿದ್ದರು. ಹಿಂದಿನ ಸಂಜೆಯ ಹೂವು ಟ್ರ್ಯಾಕ್ಟರಿನ ಮೂತಿಯ ಮೇಲೆ ಇನ್ನೂ ಬಾಡಿರಲಿಲ್ಲ. ಬಸವೇಶ್ವರಿ ಹತ್ತಿ ಚಾವಿ ತಿರುವಿದಳು.

ಟಕ್.

ಮತ್ತೊಮ್ಮೆ ತಿರುವಿದಳು. ಟಕ್. ಕಾಶಪ್ಪ ಹಣೆ ಗಟ್ಟಿಸಿಕೊಂಡರು. ಕಲ್ಲೇಶರ ಮುಖ ಮಾತ್ರ ಅರಳಿತು. “ಬಂತು ನೋಡ್ರಿ. ಯಾರೂ ಮುಟ್ಟಬ್ಯಾಡ್ರಿ.”

ಚೀಲದಿಂದ ಅವರು ತೆಗೆದದ್ದು ಮೀಟರಲ್ಲ, ಎರಡು ವಾಯರು ಸಿಕ್ಕಿಸಿದ ಒಂದು ಬಲ್ಬು. ಉಸ್ತಾದರ ಕಾಲದ್ದು. ಬ್ಯಾಟರಿಯಿಂದ ಸೆಲ್ಫಿಗೆ ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು. ಬರುವ ದಾರಿ ಗಾಡಿಯ ಕಬ್ಬಿಣದ ಮೈ. ಆ ಮೈಗೂ ಬ್ಯಾಟರಿಗೂ ಗಂಟು ಹಾಕುವ ದಪ್ಪ ಪಟ್ಟಿಗೆ ಅರ್ಥ್ ಎನ್ನುತ್ತಾರೆ. ಕಲ್ಲೇಶ ಬಲ್ಬಿನ ಒಂದು ವಾಯರನ್ನು ಬ್ಯಾಟರಿಯ ಅರ್ಥ್ ಕಡೆಯ ತುದಿಗೆ ಹಿಡಿದರು, ಇನ್ನೊಂದನ್ನು ಗಾಡಿಯ ಬತ್ತಲೆ ಕಬ್ಬಿಣಕ್ಕೆ ಒತ್ತಿದರು. ಗಂಟು ಗಟ್ಟಿ ಇದ್ದರೆ ಚಾವಿ ತಿರುವಿದಾಗ ಬಲ್ಬು ಕತ್ತಲಾಗಿಯೇ ಇರಬೇಕು.

“ತಿರುವು ತಂಗಿ.”

ಬಲ್ಬು ಝಗ್ಗೆಂದು ಹತ್ತಿತು.

ಕರೆಂಟು ಅರ್ಥ್ ಪಟ್ಟಿಯಲ್ಲಿ ದಾರಿ ಸಿಗದೆ ಬಲ್ಬಿನೊಳಗೆ ನುಗ್ಗಿತ್ತು. ಪಟ್ಟಿಯ ಮೇಲ್ತುದಿ, ಬ್ಯಾಟರಿಯ ಹತ್ತಿರದ್ದು, ಥಳಥಳ ಹೊಳೆಯುತ್ತಿತ್ತು. ಹಿಂದಿನ ಮಿಸ್ತ್ರಿಗಳೆಲ್ಲ ಅದನ್ನು ತಿಕ್ಕಿ ಹೋಗಿದ್ದರು. ಕೆಳತುದಿ ಬ್ಯಾಟರಿಯ ಅಡಿಗೆ ಇಳಿದು ಅಲ್ಲೊಂದು ಬೋಲ್ಟಿನಲ್ಲಿ ಕೂತಿತ್ತು. ಅದನ್ನು ನೋಡಬೇಕಾದರೆ ಬ್ಯಾಟರಿ ಇಳಿಸಬೇಕು. ವಿಭೂತಿ ಬಳಿದು ಹೂವಿಟ್ಟು ಪೂಜೆ ಮಾಡಿದ್ದನ್ನು ಕಿತ್ತು ನೆಲಕ್ಕಿಡಲು ಯಾವ ಮಿಸ್ತ್ರಿಗೂ ಕೈ ಬಂದಿರಲಿಲ್ಲ. ಎಲ್ಲರೂ ಬಂದವರು ಮೊದಲು ಕೈಮುಗಿದು, ಆಮೇಲೆ ಅದರ ಸುತ್ತಮುತ್ತ ಕೆಲಸ ಮಾಡಿ ಹೋಗಿದ್ದರು. ಕಲ್ಲೇಶರೂ ಕೈಮುಗಿದರು. ಹೂವು ಎತ್ತಿ ಶಿವಲಿಂಗವ್ವನ ಉಡಿಗೆ ಕೊಟ್ಟರು. ತಮ್ಮ ಟವೆಲನ್ನು ನೆಲಕ್ಕೆ ಹಾಸಿ ಬ್ಯಾಟರಿಯನ್ನು ಅದರ ಮೇಲಿಳಿಸಿದರು.

ಬೋಲ್ಟು ಬಿಚ್ಚಿ ಪಟ್ಟಿಯ ತುದಿಯ ಬಳೆಯನ್ನು ಹೊರಗೆಳೆದರು. ಹಿಡಿಯಷ್ಟು ಹಸಿರು ಕಿಲುಬು, ಅದರಡಿ ಕೆಂಪು ತುಕ್ಕು. ಕಿಲುಬಿನ ಒಳಗೆ ವಿಭೂತಿಯ ಬಿಳಿ ಪದರ, ಪದರದಲ್ಲಿ ಸಿಕ್ಕಿಕೊಂಡ ಒಂದೆಳೆ ತೆಂಗಿನ ನಾರು. ಎಲ್ಲ ಇನ್ನೂ ಹಸಿಹಸಿ. ಪ್ರತಿ ಪೂಜೆಯ ಕಾಯಿನೀರು ಪಟ್ಟಿ ಹಿಡಿದು ಕೆಳಗಿಳಿದು ಆ ಬೋಲ್ಟಿನ ಸಂದಿಯಲ್ಲಿ ನಿಂತಿತ್ತು. ನಿಂತು ನಿಂತು ಗಂಟನ್ನೇ ತಿಂದಿತ್ತು. ಗಾಡಿ ಅಲುಗಾಡಿದರೆ ಬಳೆ ಎಲ್ಲೋ ಒಂದು ಕಡೆ ಕಬ್ಬಿಣಕ್ಕೆ ತಾಗಿ ಗಾಡಿ ಏಳುತ್ತಿತ್ತು. ಪೂಜೆಯ ಮರುದಿನ ಹೊಸ ತೇವಕ್ಕೆ ಅದೂ ಆಗುತ್ತಿರಲಿಲ್ಲ.

ಗಾಡಿ ನಡೆಯಲಿ ಎಂದು ಮುದುಕಿ ಮನಸಾರೆ ಮಾಡಿದ ಪೂಜೆಯೇ ಅದನ್ನು ನಿಲ್ಲಿಸಿತ್ತು.

“ಏನಾಗಿತ್ತೋ ತಮ್ಮಾ?” ಶಿವಲಿಂಗವ್ವ ಹತ್ತಿರ ಬಂದು ಕೈ ಚಾಚಿದಳು. ಕೆಟ್ಟ ಸಾಮಾನು ಕೈಯಲ್ಲಿ ಇಡುವ ಮಿಸ್ತ್ರಿ ಎಂದು ಆಕೆಯೂ ಕೇಳಿದ್ದಳು. ಆಕೆಯ ಹಿಂದೆ ಕಾಶಪ್ಪ, ಸಿಟ್ಟು ಇನ್ನೂ ಇಳಿಯದೆ ನಿಂತಿದ್ದರು.

ಕಲ್ಲೇಶ ಆ ಅಂಗೈ ನೋಡಿದರು. ಅಲ್ಲಿ ಬೆಳಗಿನ ವಿಭೂತಿ ಇನ್ನೂ ಆರಿರಲಿಲ್ಲ. ಆ ಮುಂಜಾನೆಯನ್ನು ನೆನೆದು ಅವರು ಹೇಳುತ್ತಾರೆ: “ಇಟ್ಟಿದ್ರ ಏನಾಗ್ತಿತ್ತು ಹೇಳ್ರಿ. ಯಜಮಾನ್ರು ಬದುಕಿರೋ ತನಕ ಆಕಿಗೆ ಅಂತಿದ್ರು, ನಿನ್ನ ಪೂಜಾ ನನ್ನ ಗಾಡಿ ಕೆಡಿಸ್ತು ಅಂತ. ಆ ಮನ್ಯಾಗ ಸೊಸಿ ಬೆನ್ನಿಗೆ ನಿಂತಾಕಿ ಆ ಯವ್ವ ಒಬ್ಬಾಕಿನ. ಆಕಿ ಬಾಯಿ ಬಂದ್ ಆದ್ರ ಸೊಸಿ ಗಾಡಿ ಮ್ಯಾಲಿಂದ ಇಳೀಬೇಕಾಗ್ತಿತ್ತು. ಕೆಟ್ಟದ್ದು ಅರ್ಥ್‌ರಿ. ಆಕಿ ಮನಸಲ್ಲ.”

ಅವರು ಬಳೆಯನ್ನು ಮುಷ್ಟಿಯಲ್ಲಿ ಹಿಡಿದು ಪ್ಯಾಂಟಿಗೆ ಒರೆಸಿದರು. ನಾರೂ ಹೋಯಿತು, ವಿಭೂತಿಯೂ ಹೋಯಿತು.

“ಹಳೇ ಗಾಡಿರಿ ಯವ್ವಾರ. ಮೊದಲಿನವ್ರು ಅರ್ಥ್ ತಪ್ಪಿ ಕಟ್ಟಿದ್ರು. ಜಾಗಾ ಬದಲಿ ಮಾಡ್ತೇನಿ.”

“ಅಷ್ಟ ಏನು?”

“ಅಷ್ಟರಿ.”

“ನಾ ಪೂಜಾ ಮಾಡಿದ್ದಕ್ಕ ಇಷ್ಟು ದಿನರ ನಡೀತ ನೋಡು. ಇಲ್ಲಂದ್ರ ಯಾವಾಗೋ ನಿಂತು ಹೋಗ್ತಿತ್ತು.”

“ಖರೇರಿ,” ಎಂದರು ಕಲ್ಲೇಶ.

ಉದ್ದನೆಯ ಹೊಸ ಕೇಬಲ್ಲು ತಂದು ಅರ್ಥನ್ನು ಬ್ಯಾಟರಿಯ ಅಡಿಯಿಂದ ಬಿಡಿಸಿ, ಹಿಂದೆ ಸೆಲ್ಫಿನ ಪಕ್ಕದ ಬೋಲ್ಟಿಗೆ ಒಯ್ದು ಕಟ್ಟಿದರು. ಕಟ್ಟುವ ಜಾಗದ ಬಣ್ಣ ಕೆರೆದು ಕಬ್ಬಿಣ ಬೆಳ್ಳಗೆ ಮಾಡಿದರು, ಮೇಲೆ ಗ್ರೀಸು ಮೆತ್ತಿದರು. ಬ್ಯಾಟರಿಯನ್ನು ಮತ್ತೆ ಕೂರಿಸುವ ಮುಂಚೆ ಅದರ ಅಡಿಗೆ ಹಳೇ ಟ್ಯೂಬಿನ ರಬ್ಬರನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಾಸಿದರು. ಎಷ್ಟು ಕಾಯಿನೀರು ಬಿದ್ದರೂ ನೇರ ನೆಲಕ್ಕೆ ಹೋಗಬೇಕು, ಹಾಗೆ. ಇದೇನಿದು ಎಂದು ಬಸವೇಶ್ವರಿ ಕೇಳಿದಳು. ಧೂಳಿಗೆ ಒಳ್ಳೆಯದು ಎಂದರು. ಅವಳು ಅವರ ಪ್ಯಾಂಟಿನ ಮೇಲಿನ ಹಸಿರು ಕಲೆಯನ್ನೂ ಅದಕ್ಕೆ ಅಂಟಿದ ನಾರನ್ನೂ ನೋಡಿದಳು. ಒಳಗೆ ಹೋಗಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದು ಅವರ ಮುಂದಿಟ್ಟಳು; ತಿಂದು ಮುಗಿಯುವ ತನಕ ಎದುರಿಗೇ ಕೂತಳು.

ಚಾವಿ ತಿರುವಿದಾಗ ಗಾಡಿ ಎದ್ದಿತು. ಆರಿಸಿ ತಿರುವಿದರೂ ಎದ್ದಿತು. ಕಾಶಪ್ಪ ತಾವೇ ಹತ್ತಿ ತಿರುವಿ ನೋಡಿದರು. ಇಳಿದವರು ಮನೆಯೊಳಗೆ ಹೋಗಿ ಫೋನು ಹಚ್ಚಿದರು. ಮಧ್ಯಾಹ್ನ ಬರಬೇಕಿದ್ದವರು ಬರಲಿಲ್ಲ. ಆ ಹೊತ್ತಿಗೆ ಬಸವೇಶ್ವರಿ ಹೊಳೆಯಾಚೆಯ ಹೊಲದಲ್ಲಿ ಬಿಳಿಜೋಳ ಬಿತ್ತುತ್ತಿದ್ದಳು.

ಮುಂದಿನ ಅಮಾವಾಸ್ಯೆಯ ಮರುದಿನ ಯಾರೂ ಕರೆಯದೆಯೇ ಕಲ್ಲೇಶ ಆ ಊರಿಗೆ ಹೋದರು. ಕಣದ ಅಂಚಿನಲ್ಲಿ ಬೈಕು ನಿಲ್ಲಿಸಿ ದೂರದಿಂದಲೇ ಕಿವಿಗೊಟ್ಟರು. ಗಾಡಿ ಒಂದೇ ಸಲಕ್ಕೆ ಎದ್ದಿತು. ಅದನ್ನು ಕೇಳಿ ಯಾರನ್ನೂ ಮಾತಾಡಿಸದೆ ತಿರುಗಿ ಬಂದರು. ಈಗಲೂ ಶಿವಲಿಂಗವ್ವ ಬ್ಯಾಟರಿಗೆ ಕಾಯಿ ಒಡೆಯುತ್ತಾಳೆ. ಈಗ ಆ ಪೂಜೆಯಲ್ಲಿ ಮಿಸ್ತ್ರಿಯ ಹೆಸರನ್ನೂ ಸೇರಿಸಿ ಬೇಡಿಕೊಳ್ಳುತ್ತಾಳೆ ಎಂದು ಬಸವೇಶ್ವರಿ ಫೋನಿನಲ್ಲಿ ಹೇಳಿದಳು. ಸಂತೆಯ ದಿನ ಅಮೀನಗಡದ ಆ ತಗಡಿನ ನೆರಳಿಗೆ ಒಂದು ಚೀಲ ಹಸಿ ಶೇಂಗಾ ಬಂದು ಬೀಳುತ್ತದೆ, ಕೊಟ್ಟವರು ಮುಖ ತೋರಿಸದೆ ಹೋಗಿರುತ್ತಾರೆ. ಯಾರದೆಂದು ಕಲ್ಲೇಶ ಕೇಳುವುದಿಲ್ಲ. ಪಂಚರ್ ಅಂಗಡಿಯವನಿಗೆ ಅರ್ಧ ಕೊಟ್ಟು ಉಳಿದದ್ದನ್ನು ಮನೆಗೆ ಒಯ್ಯುತ್ತಾರೆ.

ಏನು ಆಸೆ ಎಂದು ಕೇಳಿದರೆ ಅವರು ಅಂಗಡಿ ದೊಡ್ಡದಾಗಬೇಕು ಅನ್ನುವುದಿಲ್ಲ. “ಈ ಸೀಮ್ಯಾಗಿನ ಗಾಡಿ ಎಲ್ಲಾ ಸಪಾಟ ಜಾಗಾದಾಗ ನಿಲ್ಲಬೇಕ್ರಿ. ಓಣ್ಯಾಗ ಹುಡುಗ್ರು ಬೆನ್ನು ತಿರುವಿ ಆಡಬೇಕು. ಅಷ್ಟಾದ್ರ ಸಾಕು.” ಮಿಕ್ಸರಿನ ಮಾತು ಎತ್ತಿದರೆ ಮಾತ್ರ ನಕ್ಕು ಬೇರೆ ಕಡೆ ನೋಡುತ್ತಾರೆ.

ಉಸ್ತಾದ ಮುರ್ತುಜಸಾಬರ ಮುಂದೆ ಕೊಟ್ಟ ಮಾತನ್ನು ಕಲ್ಲೇಶ ಅಲ್ಲಿಯವರೆಗೆ ಎಲ್ಲೂ ತಪ್ಪಿರಲಿಲ್ಲ. ಆ ಕಣದಲ್ಲಿ ತಪ್ಪಿದರು.